ದಿಂಬಿನಡಿಯ ನಡುಕ

ಬೀಗದ ಕೈ ಮಾಡುವವನ ಅಂಗಡಿಗೆ ಒರಗಿಕೊಂಡಂತಿರುವ ಕಿರಿದಾದ ಮೆಟ್ಟಿಲು ಹತ್ತಿದರೆ ಮೊದಲ ಮಹಡಿಯಲ್ಲಿ ಎದುರಾಗುವುದೇ ಮಿಣುಕಮ್ಮನ ಬಾಗಿಲು. ಅಲ್ಲಿ ಕರೆಗಂಟೆ ಒತ್ತಿದರೆ ಸದ್ದೇ ಬರುವುದಿಲ್ಲ. ಹೊಸಬರು ಇನ್ನೊಮ್ಮೆ ಒತ್ತುತ್ತಾರೆ, ಕೆಟ್ಟಿರಬೇಕೆಂದು ಬಾಗಿಲು ಬಡಿಯಲು ಕೈ ಎತ್ತುತ್ತಾರೆ. ಅಷ್ಟರಲ್ಲಿ ಒಳಗೆ ಹಜಾರದಲ್ಲಿ, ಅಡುಗೆಮನೆಯಲ್ಲಿ, ಬಚ್ಚಲುಮನೆಯ ಬಾಗಿಲ ಮೇಲೂ ಹಳದಿ ದೀಪಗಳು ಮಿಣುಕಿರುತ್ತವೆ. "ಬಡೀಬೇಡಿ, ಬಂದೆ ಬಂದೆ, ಕಾಣಿಸ್ತು!" ಎನ್ನುತ್ತ ಅವಳು ಬಾಗಿಲು ತೆಗೆಯುತ್ತಾಳೆ.

ಆ ಹೆಸರಿಟ್ಟವನು ಕೆಳಗಿನ ಬೀಗದ ಮಾಮ. "ನಮ್ಮ ಮಿಣುಕಮ್ಮನ ಹತ್ರ ಹೋಗಿ, ಸತ್ತ ವಾಷಿಂಗ್ ಮಷೀನೂ ಎದ್ದು ಕೂರುತ್ತೆ" ಎಂದು ಅವನು ಗಿರಾಕಿಗಳನ್ನು ಮೇಲಕ್ಕೆ ಕಳಿಸುತ್ತಿದ್ದ. ಎದ್ದು ಕೂರದೆ ಇದ್ದವೂ ಉಂಟು. ಅವುಗಳ ವಿಷಯ ಮಾಮ ಎತ್ತುತ್ತಿರಲಿಲ್ಲ.

ಮದುವೆಗೆ ಮುಂಚೆ ಅವಳು ರೇಡಿಯೋ ರಿಪೇರಿಯ ಅಂಗಡಿಯೊಂದರಲ್ಲಿ ಬೆಸುಗೆ ಹಾಕುತ್ತಿದ್ದಳು. ಅಂಗಡಿಯ ಮುದುಕ ಮಾತು ಕಮ್ಮಿಯ ಮನುಷ್ಯ. ಅವನು ಕಲಿಸಿದ ಪಾಠ ಒಂದೇ: ಏನನ್ನೇ ಬಿಚ್ಚುವ ಮುಂಚೆ ಅದು ಹೇಗಿತ್ತೋ ಹಾಗೆ ಒಂದು ಚಿತ್ರ ಬರೆದು ಎತ್ತಿಡಬೇಕು. ಎತ್ತಿಡುವುದು ಎಂದರೆ ಕೆಲಸದ ಮೇಜಿನ ಮೇಲಲ್ಲ, ಕೋಣೆಯ ಆ ತುದಿಯ ಕಪಾಟಿನಲ್ಲಿ. ಮೇಜಿನ ಮೇಲಿಟ್ಟ ಚಿತ್ರಗಳು ಒಂದರೊಳಗೊಂದು ಸೇರಿ, ಒಬ್ಬರ ರೇಡಿಯೋದ ಹೊಟ್ಟೆಗೆ ಇನ್ನೊಬ್ಬರ ಕರುಳು ಹೋದದ್ದನ್ನು ಅವನು ಕಂಡಿದ್ದನಂತೆ. ಮುದುಕ ಹೋದ, ಅಂಗಡಿ ಮುಚ್ಚಿತು, ರೇಡಿಯೋಗಳೂ ಹೋದವು. ಅಭ್ಯಾಸ ಮಾತ್ರ ಅವಳ ಕೈಯಲ್ಲಿ ಕೂತುಬಿಟ್ಟಿತು. ಅಂಗಿಯ ಗುಂಡಿ ಬಿಚ್ಚಿ ಹೊಲಿಯುವಾಗಲೂ ಹಳೆಯ ಗುಂಡಿಯನ್ನು ಬೇರೆ ಕೋಣೆಯಲ್ಲಿ ಇಟ್ಟು ಬರುವವಳು ಅವಳು.

ಮಗಳು ಹುಟ್ಟಿ ಎರಡು ವರ್ಷ ತುಂಬುವ ಹೊತ್ತಿಗೆ ಒಂದು ವಿಷಯ ಗೊತ್ತಾಯಿತು. ಹೆಸರು ಹಿಡಿದು ಕರೆದರೆ ಮಗು ತಿರುಗುತ್ತಿರಲಿಲ್ಲ, ನೆಲದ ಮೇಲೆ ಕಾಲು ಕುಟ್ಟಿದರೆ ತಿರುಗುತ್ತಿತ್ತು. ವೈದ್ಯರು ಹೇಳುವುದೆಲ್ಲ ಹೇಳಿದರು. ಅತ್ತದ್ದು ಅತ್ತಾಯಿತು. ಆಮೇಲೆ ಮಿಣುಕಮ್ಮ ಮಾಡಿದ ಮೊದಲ ಕೆಲಸ ಕರೆಗಂಟೆಯ ತಂತಿ ಕಿತ್ತು ದೀಪಕ್ಕೆ ಕೊಟ್ಟದ್ದು. ಅಪ್ಪ ಕೆಲಸದಿಂದ ಬಂದದ್ದು ಮಗುವಿಗೂ ಗೊತ್ತಾಗಲಿ, ಅದೂ ಬಾಗಿಲಿಗೆ ಓಡಲಿ ಎಂದು.

ಒಂದು ದೀಪ ಹತ್ತಿದ ಮೇಲೆ ಇನ್ನೊಂದು ಬೇಕಾಯಿತು. ಊಟಕ್ಕೆ ಕರೆಯುವ ದೀಪ ಬೇರೆ, ಬಾಗಿಲ ದೀಪ ಬೇರೆ ಥರ ಮಿಣುಕಬೇಕು. ಅದಕ್ಕೆ ಬರೀ ತಂತಿ ಸಾಲದು, ಬೆರಳುಗುರಿನಷ್ಟಿರುವ ಒಂದು ಎಲೆಕ್ಟ್ರಾನಿಕ್ ಚಿಪ್ಪಿಗೆ ಪಾಠ ಹೇಳಿಕೊಡಬೇಕು ಎಂದು ಯಾರೋ ಹೇಳಿದರು. ಸಂಜೆಯ ತರಗತಿಗೆ ಸೇರಿದಳು. ಸುತ್ತ ಕೂತವರೆಲ್ಲ ಮೀಸೆ ಮೂಡುತ್ತಿರುವ ಹುಡುಗರು. ಮೊದಲ ಪಾಠ ದೀಪ ಮಿಣುಕಿಸುವುದು. ಅವರೆಲ್ಲ ಒಂದೇ ದಿನದಲ್ಲಿ ಮಿಣುಕಿಸಿ ಮುಂದಕ್ಕೆ ಹೋದರು. ಇವಳು ಅಲ್ಲೇ ಉಳಿದಳು, ಏಕೆಂದರೆ ಇವಳಿಗೆ ಬೇಕಾಗಿದ್ದದ್ದೇ ಅದು.

ಮಗಳು ದೊಡ್ಡವಳಾದಳು. ಕಿವಿಗೆ ಯಂತ್ರ ಬಂತು, ತುಟಿ ನೋಡಿ ಮಾತು ಹಿಡಿಯುವುದು ಬಂತು, ಮಾತೂ ಬಂತು. ತುಸು ಒತ್ತಿ ಒತ್ತಿ ಆಡುವ ಮಾತು, ಆದರೆ ಬಾಯಿ ಜೋರು. ಕನ್ನಡಕದ ಅಂಗಡಿಯಲ್ಲಿ ಗಾಜು ಸಾಣೆ ಹಿಡಿಯುವ ಕೆಲಸಕ್ಕೆ ಸೇರಿದಳು. ರಾತ್ರಿ ಪಾಳಿಯ ಬಸ್ ಓಡಿಸುವವನನ್ನು ಮೆಚ್ಚಿ ಮದುವೆಯಾದಳು. ಈಗ ಒಂದು ಕೂಸು. ದುಂಡಗಿದ್ದಾನೆಂದು ಎಲ್ಲರಿಗೂ ಅವನು ಗುಂಡ.

ಗುಂಡ ಹುಟ್ಟಿದಂದಿನಿಂದ ಮಗಳು ತಾಯಿಯ ಮನೆಯಲ್ಲೇ ಇದ್ದಳು, ಕಾರಣ ರಾತ್ರಿ. ಮಲಗುವಾಗ ಕಿವಿಯ ಯಂತ್ರ ತೆಗೆದಿಡಬೇಕು. ತೆಗೆದಿಟ್ಟರೆ ಅವಳ ಪಾಲಿಗೆ ಲೋಕ ಹತ್ತಿ ತುಂಬಿದ ಪೆಟ್ಟಿಗೆ. ಗುಂಡ ಪಕ್ಕದಲ್ಲೇ ಕಿರುಚಿದರೂ ಕೇಳಿಸದು. ಇಲ್ಲಿ ಅಮ್ಮ ಎದ್ದು ಬಂದು ಭುಜ ತಟ್ಟುತ್ತಾಳೆ. ಅಲ್ಲಿ ಗಂಡ ರಾತ್ರಿಯಿಡೀ ಬಸ್ಸಿನಲ್ಲಿ. ಅಂಗಡಿಯಲ್ಲಿ ಸಿಗುವ ಕೂಸಿನ ಅಲಾರಂ ಒಂದನ್ನು ಅಳಿಯ ತಂದಿದ್ದ. ಅದು ದಿಂಬಿನಡಿಯಲ್ಲಿ ನಡುಗಿ ಎಬ್ಬಿಸುವುದೇನೋ ನಿಜ, ಆದರೆ ಲಾರಿ ಹಾರ್ನ್ ಹೊಡೆದರೂ ನಡುಗುತ್ತಿತ್ತು, ನಾಯಿ ಬೊಗಳಿದರೂ ನಡುಗುತ್ತಿತ್ತು, ಮಿಣುಕಮ್ಮನ ಯಜಮಾನರು ಸೀನಿದರಂತೂ ಹಾಸಿಗೆಯೇ ಅಲ್ಲಾಡುತ್ತಿತ್ತು. ನಾಲ್ಕು ರಾತ್ರಿಗೆ ಮಗಳ ಕಣ್ಣು ಗುಳಿ ಬಿದ್ದವು.

"ಕಿವಿ ಚೆನ್ನಾಗಿದ್ದೂ ಏಳದವರು ನಿಮ್ಮಪ್ಪ. ಮೊದಲು ಅವರ ದಿಂಬಿಗೆ ಕಟ್ಟಬೇಕು ಇದನ್ನ" ಎಂದು ಮಿಣುಕಮ್ಮ ಅದನ್ನು ಪಕ್ಕಕ್ಕೆ ಸರಿಸಿ, ತಾನೇ ಒಂದು ಮಾಡಲು ಕೂತಳು.

ಅವಳು ಮಾಡಿದ್ದರಲ್ಲಿ ಎರಡು ಡಬ್ಬಿ. ತೊಟ್ಟಿಲ ಬಳಿ ಗೋಡೆಗೆ ತೂಗುವ ಡಬ್ಬಿ ಕೇಳುತ್ತದೆ, ದಿಂಬಿನಡಿಯ ಚಪ್ಪಟೆ ಡಬ್ಬಿ ನಡುಗುತ್ತದೆ. ನಡುವೆ ತಂತಿ ಇಲ್ಲ, ಕೂಸಿನ ಕೈಗೆ ಸಿಗುವಂಥದು ಏನೂ ಇರಕೂಡದು ಎಂದು ಮಗಳು ಮೊದಲೇ ಕಡ್ಡಿ ಮುರಿದಂತೆ ಹೇಳಿದ್ದಳು. ಕೇಳುವ ಡಬ್ಬಿಗೆ ಅಳು ಯಾವುದು, ಬೀದಿ ಯಾವುದು ಎಂದು ಕಲಿಸುವುದೇ ದೊಡ್ಡ ಕೆಲಸವಾಯಿತು. ಮಿಣುಕಮ್ಮ ವಾರಗಟ್ಟಲೆ ಗುಂಡನ ಅಳುವನ್ನು ಕೇಳಿದಳು. ಹಸಿವಿನ ಅಳು, ನಿದ್ದೆಗಣ್ಣಿನ ಅಳು, ಒದ್ದೆಯಾದ ಬಟ್ಟೆಯ ಅಳು. ಎಲ್ಲದರಲ್ಲೂ ಒಂದು ಮಾತ್ರ ಸಮಾನ: ಏರುತ್ತದೆ, ಉಸಿರಿಗೆ ನಿಲ್ಲುತ್ತದೆ, ಮತ್ತೆ ಏರುತ್ತದೆ. ಲಾರಿಗೆ ಉಸಿರು ಬೇಕಿಲ್ಲ. ಆ ಸಣ್ಣ ನಿಲುಗಡೆಯನ್ನು ಹುಡುಕು ಎಂದು ಡಬ್ಬಿಗೆ ಹೇಳಿಕೊಟ್ಟಳು. ಯಜಮಾನರು ಪಕ್ಕದಲ್ಲಿ ನಿಂತು ಸೀನಿ ನೋಡಿದರು. ಡಬ್ಬಿ ಕದಲಲಿಲ್ಲ. "ನನ್ನ ಸೀನಿಗೆ ಬೆಲೆಯೇ ಇಲ್ಲದಂಗಾಯ್ತು" ಎಂದು ಅವರು ಆಸ್ಪತ್ರೆಯ ಕ್ಯಾಂಟೀನಿನ ಕೆಲಸಕ್ಕೆ ಹೊರಟುಹೋದರು.

ಇನ್ನು ಒಂದೇ ಬಾಕಿ. ಬ್ಯಾಟರಿ ಮುಗಿಯುತ್ತ ಬಂದರೂ ಡಬ್ಬಿ ನಡುಗಿ ತಿಳಿಸಬೇಕು, ಆದರೆ ಅದು ಅಳುವಿನ ನಡುಕದಂತೆ ಇರಬಾರದು, ಇಲ್ಲದಿದ್ದರೆ ಸುಮ್ಮನೆ ಎದ್ದು ಗಾಬರಿಯಾಗಬೇಕು ಎಂದಳು ಮಗಳು. ಮೊದಲಿದ್ದ ಉದ್ದನೆಯ ಗುರ್ ಎನ್ನುವ ನಡುಕವೂ ಅವಳಿಗೆ ಹಿಡಿಸಿರಲಿಲ್ಲ. ನಿದ್ದೆಯಲ್ಲಿ ಅದು ಬಸ್ಸಿನಲ್ಲಿ ಕೂತಂತಿರುತ್ತದೆ, ಇನ್ನಷ್ಟು ನಿದ್ದೆ ಬರುತ್ತದೆ. ಟಕ್, ಟಕ್, ಆಮೇಲೆ ಗುರ್ ಎನ್ನಬೇಕು. ಶನಿವಾರ ಸಂಜೆ ಅಮ್ಮ ಗುಂಡನಿಗೆ ಸ್ನಾನ ಮಾಡಿಸುತ್ತಿದ್ದಾಗ ಮಗಳೇ ಕಂಪ್ಯೂಟರಿನ ಮುಂದೆ ಕೂತು ನಡುಕದ ಭಾಗವನ್ನು ತಿದ್ದಿಟ್ಟಳು. ಆ ಮನೆಯಲ್ಲಿ ಬೆಳೆದವಳಿಗೆ ಅಷ್ಟು ಬರುತ್ತಿತ್ತು. ಚಿಪ್ಪಿಗೆ ತುಂಬಿ ನೋಡುವ ಮುಂಚೆಯೇ ಗುಂಡ ಹಾಲಿಗೆ ಅತ್ತ, ನೋಡುವುದು ಹಾಗೇ ಉಳಿಯಿತು. ಭಾನುವಾರ ಮಧ್ಯಾಹ್ನ ಅಳಿಯ ಬಂದು ಕರೆದುಕೊಂಡು ಹೋಗುವುದು ಎಂದು ಗೊತ್ತಾಗಿತ್ತು. ಸೋಮವಾರದಿಂದ ಅವನಿಗೆ ಮತ್ತೆ ರಾತ್ರಿ ಪಾಳಿ.

ಭಾನುವಾರ ಬೆಳಿಗ್ಗೆ ಮಿಣುಕಮ್ಮ ತಿಂಡಿಗೆ ಮುಂಚೆಯೇ ಬ್ಯಾಟರಿಯ ನಾಲ್ಕು ಸಾಲು ಬರೆದು ಮುಗಿಸಿದಳು. ಬರೆದದ್ದನ್ನೆಲ್ಲ ಕೂಡಿಸಿ ಚಿಪ್ಪಿಗೆ ತಿಳಿಯುವ ಭಾಷೆಗೆ ತಿರುಗಿಸುವುದು ಕಂಪ್ಯೂಟರಿನ ಕೆಲಸ. ಅದಕ್ಕೆ ಬಿಲ್ಡ್ ಎನ್ನುತ್ತಾರೆ, ಒಂದು ಗುಂಡಿ ಒತ್ತಿದರೆ ಸಾಕು. ಒತ್ತಿ, ಚಹಾದ ಲೋಟಕ್ಕೆ ಕೈ ಚಾಚಿದಳು. ತಿರುಗಿ ನೋಡಿದರೆ ಪರದೆಯ ತಳದಲ್ಲಿ ಕೆಂಪು ಅಕ್ಷರ.

ಆ ಕೆಂಪು ಕಂಡಾಗ ಮೊದಲ ಕ್ಷಣ ಅವಳ ಭುಜ ಸಡಿಲವಾಯಿತು. ಇವತ್ತಿಗೆ ಆಗದಿದ್ದರೆ ಇನ್ನೊಂದು ವಾರ ಇಲ್ಲೇ ಇರುತ್ತಾರೆ. ಯೋಚನೆ ಬಂದಷ್ಟೇ ಬೇಗ ಅದನ್ನು ಒರೆಸಿಹಾಕಿ ಕನ್ನಡಕ ಏರಿಸಿದಳು.

ಕೊನೆಯ ಸಾಲು ಹೇಳಿದ್ದು ಇಷ್ಟೇ: ಕಂಪ್ಯೂಟರಿನೊಳಗೆ ಫೈಲುಗಳನ್ನು ಕೂಡಿಸುವವನು 'ಒಂದು' ಎಂದು ಹೇಳಿ ಹಿಂದಿರುಗಿದ್ದಾನೆ.

"ಏನಂತೆ?" ಎಂದು ಬಾಗಿಲಲ್ಲಿ ಮಗಳು, ಹೆಗಲ ಮೇಲೆ ಗುಂಡ, ಗುಂಡನ ಬಾಯಡಿಗೆ ಬಟ್ಟೆ.

ಮಿಣುಕಮ್ಮ ಮುಖ ಅವಳ ಕಡೆ ತಿರುಗಿಸಿ ಹೇಳಿದಳು. "ಒಂದು ಅಂತೆ."

"ಒಂದು ಅಂದ್ರೆ?"

"ಸೋತೆ ಅಂತ. ಸೋತವನು ಯಾಕೆ ಸೋತೆ ಅಂತ ಹೇಳ್ಬೇಕೋ ಬೇಡ್ವೋ? ಒಂದು ಅಂತಾನೆ, ಹೋಗ್ತಾನೆ."

ಅದರ ಮೇಲಿನ ಸಾಲಿನಲ್ಲಿ ಇನ್ನೊಂದು ದೂರಿತ್ತು. 'ಅಳುವಿಗೆ ನಡುಗು' ಎಂಬ ಹೆಸರಿನ ಭಾಗವನ್ನು ಈ ಮುಂಚೆಯೇ ಹೇಳಿಯಾಗಿದೆ, ಮತ್ತೆ ಹೇಳುವಂತಿಲ್ಲ. ಮಿಣುಕಮ್ಮ ನಡುಕದ ಫೈಲು ತೆರೆದಳು. ಆ ಹೆಸರು ಒಂದೇ ಕಡೆ ಇತ್ತು. ಹುಡುಕುವ ಗುಂಡಿ ಒತ್ತಿದಳು. ಒಂದೇ. ಬೆರಳಿಟ್ಟು ಮೇಲಿನಿಂದ ಕೆಳಗೆ ಓದಿದಳು. ಆಗಲೂ ಒಂದೇ.

"ಒಂದೇ ಸಲ ಬರೆದಿದೀವಿ. ಎರಡು ಸಲ ಅಂತ ಸಾಧಿಸ್ತಾನೆ ನೋಡು."

"ನಿನ್ನ ಬ್ಯಾಟರಿ ಸಾಲೇನಾದ್ರೂ?"

ಅದೂ ಸರಿ ಎನಿಸಿತು. ನಿನ್ನೆಯವರೆಗೆ ಇದ್ದ ದೂರಲ್ಲ, ಇವತ್ತು ಸೇರಿಸಿದ್ದು ತಾನೇ. ಬ್ಯಾಟರಿಯ ಸಾಲುಗಳನ್ನು ತೆಗೆದಳು. ಕೆಂಪು ಹಾಗೇ ಇತ್ತು. ಕೇಬಲ್ಲು ಬದಲಾಯಿಸಿದಳು. ಬಿಲ್ಡಿಗೂ ಕೇಬಲ್ಲಿಗೂ ಸಂಬಂಧವಿಲ್ಲವೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು, ಆದರೂ ಕೈ ಕೇಳಲಿಲ್ಲ. ಕಂಪ್ಯೂಟರ್ ಆರಿಸಿ ಹೊತ್ತಿಸಿದಳು. ಕೆಂಪು. ಡಬ್ಬಿ ನಡುಗಿಸುವ ಪುಟ್ಟ ಮೋಟಾರನ್ನು ನಡೆಸಲು ಬೇರೆಯವರು ಬರೆದಿಟ್ಟ ಸಿದ್ಧ ಸಾಲುಗಳ ಕಟ್ಟು, ಅಂದರೆ ಲೈಬ್ರರಿ, ಹಳತಾಗಿರಬಹುದೆಂದು ಹೊಸದನ್ನು ಇಳಿಸಿಕೊಂಡಳು. ಈಗ ಒಂದೆರಡರ ಬದಲು ಪುಟಗಟ್ಟಲೆ ದೂರು ಬಂದವು. ಹೊಸ ಲೈಬ್ರರಿಗೆ ಹಳೆಯ ಮಾತುಗಳೇ ಅರ್ಥವಾಗುತ್ತಿರಲಿಲ್ಲ. ಹಲ್ಲು ಕಚ್ಚಿ ಮತ್ತೆ ಹಳೆಯ ಲೈಬ್ರರಿಗೇ ಬಂದಳು. ಪುಟಗಳು ಹೋಗಿ ಮೊದಲಿನ ದೂರುಗಳೇ ಉಳಿದವು. ಅವುಗಳ ಮುಖ ಕಂಡು ಒಂದು ಥರ ಸಮಾಧಾನವೂ ಆಯಿತು.

ತನ್ನ ಹತ್ತಿರ ಕಲಿಯಲು ಬರುವ ಕಾಲೇಜಿನ ಹುಡುಗಿಯರಿಗೆ ಅವಳು ಹೇಳುವ ಒಂದು ಮಾತುಂಟು. ದೂರು ಬಂದರೆ ಮೇಲಿನಿಂದ ಓದಿ, ಮೊದಲನೆಯದು ತಾಯಿ, ಉಳಿದವೆಲ್ಲ ಅದರ ಮಕ್ಕಳು. ಆದರೆ ಅವಳ ಕನ್ನಡಕದ ನಂಬರು ಹಳತಾಗಿತ್ತು. ಬದಲಾಯಿಸು ಎಂದು ಸ್ವಂತ ಮಗಳೇ ಎಷ್ಟು ಬಾರಿ ಹೇಳಿದರೂ "ನಾಳೆ" ಎನ್ನುತ್ತ, ಅಕ್ಷರಗಳನ್ನೇ ದಪ್ಪ ಮಾಡಿಕೊಂಡು ಸುಧಾರಿಸುತ್ತಿದ್ದಳು. ಅಕ್ಷರ ದಪ್ಪವಾದಷ್ಟೂ ಪರದೆಯಲ್ಲಿ ಹಿಡಿಸುವುದು ಕಮ್ಮಿ. ತಳದ ಪಟ್ಟಿಯಲ್ಲಿ ಎರಡೇ ಸಾಲು ಕಾಣುತ್ತಿತ್ತು, ತಾಯಿ ಎಲ್ಲೋ ಮೇಲೆ ಮರೆಯಾಗಿದ್ದಳು. ಆ ಬೆಳಿಗ್ಗೆ ಮಿಣುಕಮ್ಮನಿಗೆ ಮೇಲೆ ಹೋಗಿ ನೋಡಬೇಕೆಂದೇ ಹೊಳೆಯಲಿಲ್ಲ.

ಬೀಗದ ಮಾಮ ಒಂದು ಸುತ್ತು ಬಂದು ಇಣುಕಿದ. "ಏನಮ್ಮಾ, ಮುಖ ಗಂಟು ಹಾಕ್ಕೊಂಡಿದೀಯ?"

"ಇದಕ್ಕೆ ಒಂದು ಕೀಲಿಕೈ ಇದ್ರೆ ಕೊಡಿ ಮಾಮ."

"ನನ್ನ ಹತ್ರ ಕೀಲಿ ಮರೆತವರು ಬರ್ತಾರೆ. ಬೀಗ ಎಲ್ಲಿದೆ ಅಂತ ಗೊತ್ತಿಲ್ಲದೋರು ನೀನೇ ಮೊದಲು" ಎಂದು ನಕ್ಕು ಇಳಿದುಹೋದ.

ಒಳಗೆ ಮಗಳು ಗಂಟುಮೂಟೆ ಕಟ್ಟುತ್ತಿದ್ದಳು. ತೊಟ್ಟಿಲ ಬಟ್ಟೆ, ಹಾಲಿನ ಬಾಟಲು, ಗುಂಡನ ಅಂಗಿಗಳು. ಕಟ್ಟುವುದು ಮುಗಿದು ಹಜಾರಕ್ಕೆ ಬಂದರೆ ಅಮ್ಮ ಇನ್ನೂ ಅದೇ ಕುರ್ಚಿಯಲ್ಲಿ, ಅದೇ ಕೆಂಪಿನ ಮುಂದೆ. ಮಗಳು ಗೋಡೆಯ ಸ್ವಿಚ್ಚು ಎರಡು ಸಲ ಆರಿಸಿ ಹೊತ್ತಿಸಿದಳು. ಆ ಮನೆಯಲ್ಲಿ ಇತ್ತ ನೋಡು ಎನ್ನುವುದು ಹಾಗೆ. ಅಮ್ಮ ತಿರುಗಿದಳು.

"ಅಮ್ಮ, ನಿಜ ಹೇಳು. ಬೇಕೂಂತ್ಲೇ ಮಾಡ್ತಿದೀಯ?"

"ಏನನ್ನ?"

"ಇದನ್ನ. ಮೊನ್ನೆ ತನಕ ಕುಣೀತಿದ್ದ ಡಬ್ಬಿ ಹೊರಡೋ ದಿನವೇ ಮಕಾಡೆ ಮಲಗುತ್ತಾ? ಹೋಗ್ಬೇಡ ಅನ್ನೋದಿದ್ರೆ ಬಾಯಿಬಿಟ್ಟು ಹೇಳು. ಡಬ್ಬಿ ಕೈಲಿ ಹೇಳಿಸ್ಬೇಡ."

ಮಿಣುಕಮ್ಮನಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಬೆಳಿಗ್ಗೆ ಭುಜ ಸಡಿಲವಾದದ್ದು ನೆನಪಾಯಿತು. "ಹಾಗೆಲ್ಲ ಮಾಡ್ತೀನೇನೇ ಪುಟ್ಟಿ" ಎಂದಳು, ಆದರೆ ಹೇಳುವಾಗ ಮುಖ ಪರದೆಯ ಕಡೆಗಿತ್ತು. ಮಗಳಿಗೆ ತುಟಿ ಕಾಣಲಿಲ್ಲ. ಕಾಣದ ಮಾತು ಆ ಮನೆಯಲ್ಲಿ ಆಡಿದಂತಲ್ಲ.

"ನಂಗೆ ಅಲ್ಲಿಗೆ ಹೋಗ್ಬೇಕು ಅಮ್ಮ" ಎಂದಳು ಮಗಳು, ತುಸು ಮೆತ್ತಗೆ. "ರಾತ್ರಿ ಅವನು ಅತ್ರೆ ಎದ್ದು ಎತ್ಕೊಳ್ಳೋದು ನಾನಾಗ್ಬೇಕು. ನೀನು ಬಂದು ತಟ್ಟೋ ಹೊತ್ತಿಗೆ ಅವನು ಅತ್ತು ಅತ್ತು ಅರ್ಧ ಆಗಿರ್ತಾನೆ. ಒಂದು ಸಲನಾದ್ರೂ ನಾನೇ ಮೊದಲು ಏಳ್ಬೇಕು."

ಮಿಣುಕಮ್ಮ ಈ ಸಲ ಪೂರ್ತಿ ತಿರುಗಿ, ತುಟಿ ಕಾಣುವಂತೆ ಹೇಳಿದಳು. "ಸರಿ. ಕೂತ್ಕೋ. ಇದರ ಕೈಕಾಲು ಮುರಿದಾದ್ರೂ ನೋಡೋಣ."

ಮುರಿಯುವ ಮುಂಚೆ ಅಭ್ಯಾಸದಂತೆ ಎದ್ದು, ಗೋಡೆಯಾಚೆಯ ಮಲಗುವ ಕೋಣೆಗೆ ಹೋಗಿ, ಕಪಾಟಿನ ಮೇಲಿನ ಖಾನೆಯಿಂದ ಪೆನ್‌ಡ್ರೈವ್ ತಂದಳು. ನಡುಕದ ಫೈಲಿನ ಒಂದು ಪ್ರತಿಯನ್ನು ಅದಕ್ಕೆ ಹಾಕಿ ಕಪಾಟಿನಲ್ಲಿಟ್ಟು ಬಂದು ಕೂತಳು. ದೂರು ಬಂದ ಹೆಸರನ್ನು, ಅದರ ಕೆಳಗಿನ ಸಾಲುಗಳ ಸಮೇತ, ಅಳಿಸಿಬಿಟ್ಟಳು. ಇರುವುದೊಂದು, ಅದೇ ಎರಡು ಎನ್ನುವುದಾದರೆ ಅದೂ ಬೇಡ. ಗುಂಡಿ ಒತ್ತಿದಳು. ಆ ದೂರು ಹೋಯಿತು! ಇಷ್ಟು ಹೊತ್ತು ಮೇಲೆ ಮರೆಯಲ್ಲಿದ್ದ, ಮೋಟಾರು ನಿಲ್ಲಿಸುವ ಭಾಗದ ಹೆಸರಿನ ಮೇಲಿನ ಇಂಥದೇ ದೂರು ಈಗ ತಳಕ್ಕೆ ಬಂದು ಕಂಡಿತು. ಅದನ್ನೂ ಅಳಿಸಿದಳು.

ಕೆಂಪು ಪೂರ್ತಿ ಆರಿತು. ಬಿಳಿ ಅಕ್ಷರದಲ್ಲಿ ಎಲ್ಲ ಮುಗಿಯಿತು ಎಂದು ಬಂತು.

"ಆಯ್ತಾ?"

"ಎಲ್ಲಿಂದ ಆಗುತ್ತೆ? ನಡುಗೋ ಭಾಗವನ್ನೇ ಕಿತ್ತು ಹಾಕಿದೀನಿ. ಗಾಡಿಯಿಂದ ಎಂಜಿನ್ ಇಳಿಸಿ ಸದ್ದು ನಿಂತ್ಹೋಯ್ತು ಅಂದ ಹಾಗೆ" ಎಂದು ಮಿಣುಕಮ್ಮ ಡಬ್ಬಿಗೆ ಕೇಬಲ್ಲು ಸಿಕ್ಕಿಸಿದಳು. "ಉಳಿದದ್ದಾದ್ರೂ ನೆಟ್ಟಗಿದೆಯಾ ನೋಡೋಣ. ತೊಟ್ಟಿಲಿಂದ ಕರೆ ಬಂದ್ರೆ ಡಬ್ಬಿ ಮೇಲಿನ ದೀಪ ಹತ್ತಬೇಕು, ಅಷ್ಟೇ. ಹಿಡ್ಕೋ."

ಮಗಳು ಡಬ್ಬಿಯನ್ನು ತೊಡೆಯ ಮೇಲೆ, ಎರಡೂ ಅಂಗೈಯ ಕೆಳಗೆ ಇಟ್ಟುಕೊಂಡಳು. ಗುಂಡ ಒಳಗೆ ತೊಟ್ಟಿಲಲ್ಲಿ ತನ್ನ ಪಾಡಿಗೆ ತಾನು ಬಾಯಿಗೆ ಮುಷ್ಟಿ ತುರುಕಿಕೊಂಡಿದ್ದ. ಮುಷ್ಟಿ ಜಾರಿತು. ಎರಡು ಬಾರಿ ಹುಡುಕಿದ, ಸಿಗಲಿಲ್ಲ. ಬಾಯಿ ತೆರೆದ.

ಅಳು ಏರಿತು, ಉಸಿರಿಗೆ ನಿಂತಿತು, ಮತ್ತೆ ಏರಿತು, ಮತ್ತೆ ನಿಂತಿತು. ಡಬ್ಬಿಯ ಮೇಲಿನ ದೀಪ ಹತ್ತಿತು. ಆಮೇಲೆ ಡಬ್ಬಿ ನಡುಗಿತು.

ಮಗಳು ತಲೆಯೆತ್ತಿದಳು. "ಅಮ್ಮ. ಇದು ಹಳೇದು."

"ಯಾವ್ದು?"

"ನಡುಕ. ನಾನು ನಿನ್ನೆ ಬರ್ದಿದ್ದು ಟಕ್, ಟಕ್, ಗುರ್. ಇದು ಬರೀ ಗುರ್. ಬಸ್ಸಲ್ಲಿ ಕೂತಂಗೆ. ಮೊದಲಿನದೇ."

"ಹಳೇದೂ ಇಲ್ಲ, ಹೊಸದೂ ಇಲ್ಲ ಕಣೇ! ನಿನ್ನ ಕಣ್ಮುಂದೆ ಅಳಿಸಿದೀನಲ್ಲ. ಅದು ನಡುಗಲೇಬಾರದು."

"ನಡುಗ್ತಾ ಇದೆ. ಮುಟ್ಟಿ ನೋಡು."

ಮಿಣುಕಮ್ಮ ಮುಟ್ಟಿದಳು. ಉದ್ದನೆಯ ಒಂದೇ ಗುರ್. ಯಾರೂ ಹೇಳಿಕೊಡದ ಪಾಠವನ್ನು ಡಬ್ಬಿ ಒಪ್ಪಿಸುತ್ತಿತ್ತು. ಇಬ್ಬರೂ ಅದನ್ನು ನೋಡುತ್ತ ಕೂತರು, ಒಳಗೆ ಗುಂಡ ಅಳುತ್ತಲೇ ಇದ್ದ. ಮಗಳು ಓಡಿ ಹೋಗಿ ಎತ್ತಿಕೊಂಡು ಬಂದಳು. ಬರುವಾಗ ಅವಳ ಮುಖ ಬದಲಾಗಿತ್ತು.

"ಹಳೇದನ್ನ ನಾನು ಎತ್ತಿಟ್ಟಿದೀನಿ ಅಮ್ಮ."

"ಎತ್ತಿಟ್ಟಿದೀನಿ ಅಂದ್ರೆ?"

"ತಿದ್ದೋಕೆ ಮುಂಚೆ ಒಂದು ಪ್ರತಿ ಎತ್ತಿಡು ಅಂತ ನೀನೇ ತಾನೇ ಚಿಕ್ಕಂದಿನಿಂದ ತಲೆ ತಿಂದಿರೋದು? ನಂದು ಕೆಟ್ಟೋದ್ರೆ ನಿಂದಾದ್ರೂ ಇರ್ಲಿ ಅಂತ ನಿನ್ನೆ ಒಂದು ಪ್ರತಿ ಮಾಡ್ದೆ."

"ಎಲ್ಲಿಟ್ಟೆ?"

"ಅಲ್ಲೇ. ಅದೇ ಫೋಲ್ಡರಲ್ಲಿ, ಪಕ್ಕದಲ್ಲೇ. ಸುಲಭವಾಗಿ ಸಿಗ್ಲಿ ಅಂತ."

ಮಿಣುಕಮ್ಮ ಪರದೆಗೆ ತಿರುಗಿದಳು. ಅಕ್ಷರಗಳನ್ನು ಸಣ್ಣ ಮಾಡಿದಳು. ಪರದೆಯ ಬಲಗಡೆ, ಇಷ್ಟು ಹೊತ್ತು ಅಂಚಿನಾಚೆ ಮರೆಯಾಗಿದ್ದ ಇನ್ನೊಂದು ಫೈಲು ಇಣುಕಿತು. ನಡುಕದ ಫೈಲಿನದೇ ಹೆಸರು, ಬಾಲಕ್ಕೆ 'ಹಳೇ' ಎಂದು ಅಂಟಿತ್ತು. ಒಂದು ಫೋಲ್ಡರಿನಲ್ಲಿ ಇರುವುದನ್ನೆಲ್ಲ, ಬೇಕಾದದ್ದು ಬೇಡದ್ದು ಎನ್ನದೆ, ಒಟ್ಟಿಗೆ ಕೂಡಿಸುವುದು ಆ ಬಿಲ್ಡಿನ ಪದ್ಧತಿ. ಜೋಪಾನಕ್ಕೆ ಇಟ್ಟದ್ದು ಎಂದು ಅದಕ್ಕೇನು ಗೊತ್ತು? ಹೊಸ ನಡುಕವೂ ಹಳೆಯ ನಡುಕವೂ ಒಂದೇ ಹೆಸರು ಹೇಳಿಕೊಂಡು ಬಂದು ನಿಂತಿದ್ದವು. ಯಾರನ್ನು ಒಳಗೆ ಬಿಡಲಿ ಎಂದು ಕೂಡಿಸುವವನು ಕೈ ಚೆಲ್ಲಿದ್ದ. ಹೊಸದನ್ನು ಅಳಿಸಿದಾಗ ಹಳೆಯದು ಸದ್ದಿಲ್ಲದೆ ಬಂದು ಅದರ ಜಾಗದಲ್ಲಿ ಕೂತಿತು.

ಎತ್ತಿಟ್ಟ ಹೊಸ ನಡುಕವನ್ನು ಕಪಾಟಿನಿಂದ ತಂದು ಮತ್ತೆ ಅದರ ಜಾಗದಲ್ಲಿ ಹಾಕಿ, ಒಮ್ಮೆ ಗುಂಡಿ ಒತ್ತಿದಳು. ಕೆಂಪು ಮರಳಿ ಬಂತು. ಈ ಸಲ ತಳಕ್ಕೆ ಹೋಗದೆ, ಪಟ್ಟಿಯನ್ನು ಮೇಲಕ್ಕೆ ಎಳೆದು ಮೊದಲ ಸಾಲು ಓದಿದಳು. ಅಲ್ಲಿ ಎರಡೂ ಫೈಲುಗಳ ಹೆಸರು ಅಕ್ಕಪಕ್ಕದಲ್ಲೇ ಬರೆದಿತ್ತು. ಬೆಳಗಿನಿಂದ ಬರೆದುಕೊಂಡೇ ಇತ್ತು.

"ಅಯ್ಯೋ ದೇವರೇ, ನನ್ನಿಂದ" ಎಂದು ಮಗಳು ಗುಂಡನ ಬೆನ್ನಿನ ಹಿಂದೆ ಮುಖ ಅಡಗಿಸಿಕೊಂಡಳು. "ನಿನ್ನ ಮೇಲೆ ಬೇರೆ ಎಗರಾಡ್ದೆ."

ಮಿಣುಕಮ್ಮ ಅವಳ ಮುಖ ಹೊರಗೆ ಬರುವವರೆಗೆ ಕಾದಳು. ತುಟಿ ಕಾಣಬೇಕಲ್ಲ. "ನಿಜ ಹೇಳು. ಬೇಕೂಂತ್ಲೇ ಮಾಡಿದ್ಯಾ?"

ಮಗಳಿಗೆ ನಗು ತಡೆಯಲಾಗಲಿಲ್ಲ. ಅವಳು ನಕ್ಕರೆ ಸದ್ದು ಇಡೀ ಮಹಡಿಗೆ ಕೇಳುತ್ತದೆ, ಎಷ್ಟು ಜೋರೆಂದು ಅವಳಿಗೆ ತಿಳಿಯುವುದಿಲ್ಲ. ಕೆಳಗಿನಿಂದ ಮಾಮ "ಸಿಕ್ತಾ ಬೀಗ?" ಎಂದು ಕೂಗಿದ.

"ಅರ್ಧ ಪಾಠ ಕಲಿಸಿದ್ದು ನಾನೇ" ಎಂದಳು ಮಿಣುಕಮ್ಮ. "ಎತ್ತಿಡು ಅಂದೆ. ಎಲ್ಲಿ ಅಂತ ಹೇಳ್ಲಿಲ್ಲ. ನಾನು ಕಪಾಟಿಗೆ ಹೋಗೋದನ್ನ ದಿನಾ ನೋಡ್ತಿದ್ದೆಯಲ್ಲ?"

"ನೀನು ಪದೇ ಪದೇ ಆ ಕೋಣೆಗೆ ಹೋಗೋದು ಕಾಲು ಆಡಿಸೋಕೆ ಅಂದ್ಕೊಂಡಿದ್ದೆ."

ಹಳೆಯ ನಡುಕ ಪೆನ್‌ಡ್ರೈವಿಗೆ ಹೋಯಿತು, ಪೆನ್‌ಡ್ರೈವ್ ಕಪಾಟಿಗೆ ಹೋಯಿತು. ಬ್ಯಾಟರಿಯ ಸಾಲುಗಳು ಮರಳಿ ಬಂದವು. ಈ ಸಲ ಬಿಲ್ಡ್ ಒಂದು ಲೋಟ ಚಹಾ ತಣ್ಣಗಾಗುವಷ್ಟೂ ಹೊತ್ತು ಹಿಡಿಯಲಿಲ್ಲ, ಆದರೆ ಬೆಳಗಿನ ಚಹಾ ಆಗಲೇ ಕೆನೆ ಕಟ್ಟಿತ್ತು. ಡಬ್ಬಿ ಮಗಳ ಅಂಗೈಯಲ್ಲಿ ಟಕ್, ಟಕ್, ಗುರ್ ಎಂದಿತು.

ಕೈಯಲ್ಲಿ ನಡುಗಿದರೆ ಸಾಲದು, ನಿದ್ದೆಯಲ್ಲಿ ಎಬ್ಬಿಸಬೇಕು. ಊಟವಾದ ಮೇಲೆ ಮಗಳು ಗುಂಡನಿಗೆ ಹಾಲು ಕೊಟ್ಟು ಮಲಗಿಸಿ, ಡಬ್ಬಿಯನ್ನು ದಿಂಬಿನಡಿಗೆ ಸರಿಸಿ, ಕಿವಿಯ ಯಂತ್ರ ತೆಗೆದು ಕಿಟಕಿಯ ಕಟ್ಟೆಯ ಮೇಲಿಟ್ಟಳು. ಯಂತ್ರ ತೆಗೆದ ಮೇಲೆ ಅವಳ ದನಿ ಇನ್ನಷ್ಟು ದೊಡ್ಡದಾಗುತ್ತದೆ.

"ಅವನು ಅತ್ರೆ ನೀನು ಬರ್ಬಾರ್ದು. ಏನಾದ್ರೂ ಸರಿ. ಆಣೆ."

ಮಿಣುಕಮ್ಮ ಆಣೆ ಇಡಲಿಲ್ಲ, ತಲೆಯಾಡಿಸಿದಳು. ಬಾಗಿಲನ್ನು ಒಂದು ಬೆರಳಿನಷ್ಟು ಬಿಟ್ಟು ಎಳೆದುಕೊಂಡು ಹೊರಗೆ ಬಂದಳು.

ಹಜಾರದಲ್ಲಿ ಮಾಡಲು ಕೆಲಸವಿಲ್ಲದಿರಲಿಲ್ಲ. ಯಾರದೋ ಪಂಪಿನ ಟೈಮರು ಬಿಚ್ಚಿ ಬಿದ್ದಿತ್ತು. ಅದರ ಮುಂದೆ ಕೂತಳು, ಬೆಸುಗೆಯ ಕಡ್ಡಿ ಕಾಯಿಸಿದಳು, ಆರಿಸಿದಳು. ಅಡುಗೆಮನೆಗೆ ಹೋಗಿ ಲೋಟ ತೊಳೆದಳು. ನಲ್ಲಿಯ ಸದ್ದಿಗೆ ಅಳು ಕೇಳಿಸದೆ ಹೋದೀತೆಂದು ನಲ್ಲಿ ನಿಲ್ಲಿಸಿದಳು. ಬೀದಿಯಲ್ಲಿ ಲಾರಿಯೊಂದು ಹಾರ್ನ್ ಹೊಡೆದುಕೊಂಡು ಹೋಯಿತು. ಒಳಗೆ ಎಲ್ಲ ಸುಮ್ಮನಿತ್ತು. ಅಷ್ಟು ಸರಿಯಾಗಿದೆ ಎಂದುಕೊಂಡಳು.

ಗುಂಡ ಎಚ್ಚರವಾದದ್ದು ಅವಳಿಗೆ ಅಳುವಿಗೂ ಮುಂಚೆ ಗೊತ್ತಾಯಿತು. ತೊಟ್ಟಿಲ ಕೊಂಡಿ ಕಿರ್ರೆಂದಿತು, ಆಮೇಲೆ ಮೂಗಿನಲ್ಲಿ ಒಂದು ರಾಗ. ಅವಳು ಬಾಗಿಲಿಗೆ ಬಂದು ನಿಂತಳು. ರಾಗ ಅಳುವಾಯಿತು. ಏರಿತು, ನಿಂತಿತು. ಏರಿತು.

ಇಷ್ಟು ತಿಂಗಳು ಈ ಹೊತ್ತಿಗೆ ಅವಳ ಕಾಲು ಹೊಸ್ತಿಲು ದಾಟಿರುತ್ತಿತ್ತು. ಈಗ ಅವಳು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು. ತಡವಾಗುತ್ತಿದೆಯೇ? ಕೇಳುವ ಡಬ್ಬಿಗೆ ಎರಡು ಉಸಿರು ಕಾಯಲು ಹೇಳಿದವಳು ತಾನೇ, ಲಾರಿಯಿಂದ ಬೇರೆ ಮಾಡಲು. ಎರಡು ಉಸಿರು ಇಷ್ಟು ಉದ್ದವಿರುತ್ತದೆಂದು ಬರೆಯುವಾಗ ಹೊಳೆದಿರಲಿಲ್ಲ. ಒಂದಕ್ಕೇ ಇಳಿಸಬೇಕಿತ್ತು. ಗುಂಡ ಮೂರನೆಯ ಸಲ ಏರಿದ. ಅವಳ ಬಲಗಾಲು ತಾನಾಗಿಯೇ ಮುಂದಕ್ಕೆ ಹೋಗಿ ಬಾಗಿಲನ್ನು ತಾಗಿತು. ಬಾಗಿಲು ಇನ್ನೊಂದು ಬೆರಳು ತೆರೆದುಕೊಂಡಿತು.

ದಿಂಬಿನಡಿಯಲ್ಲಿ ಟಕ್ ಎಂದಿತು. ಟಕ್. ಗುರ್ ಎನ್ನುವ ಹೊತ್ತಿಗೆ ಮಗಳು ಆಗಲೇ ಎದ್ದು ಕೂತಿದ್ದಳು, ಕೂದಲು ಮುಖದ ತುಂಬ, ಕಣ್ಣು ಇನ್ನೂ ಮುಚ್ಚಿಕೊಂಡೇ, ಕೈ ಮಾತ್ರ ತೊಟ್ಟಿಲ ಕಡೆಗೆ. "ಬಂದೆ, ಬಂದೆ, ಬಂದೆನೋ ರಾಜ" ಎಂದಳು, ತನಗೇ ಕೇಳದ ದೊಡ್ಡ ದನಿಯಲ್ಲಿ.

ಗುಂಡ ಅರ್ಧ ಅಳುವಿನಲ್ಲೇ ನಿಲ್ಲಿಸಿದ. ಎತ್ತಿಕೊಂಡವಳ ಕತ್ತಿಗೆ ಮೂಗು ಒರೆಸಿ, ಬಿಕ್ಕಿ, ಸುಮ್ಮನಾದ.

ಮಗಳು ಬಾಗಿಲ ಕಡೆ ನೋಡಲಿಲ್ಲ. ನೋಡಿದ್ದರೆ ಸಂದಿಯಲ್ಲಿ ಅಮ್ಮನ ಹೆಬ್ಬೆರಳು ಕಾಣುತ್ತಿತ್ತು. ಮಿಣುಕಮ್ಮ ಕಾಲು ಹಿಂದಕ್ಕೆ ತೆಗೆದುಕೊಂಡು, ಬಾಗಿಲನ್ನು ಮೊದಲಿದ್ದ ಒಂದು ಬೆರಳಿಗೆ ತಂದು, ಹಜಾರಕ್ಕೆ ಹೋಗಿ ಬೆಸುಗೆಯ ಕಡ್ಡಿ ಮತ್ತೆ ಕಾಯಿಸಿದಳು.

ಹಳದಿ ದೀಪಗಳು ಮಿಣುಕಿದಾಗ ಟೈಮರು ಅರ್ಧ ಮುಗಿದಿತ್ತು. ಅಳಿಯ ಬಾಗಿಲಲ್ಲಿ ನಿಂತಿದ್ದ, ಎಣ್ಣೆ ಹಾಕಿ ಬಾಚಿದ ತಲೆ, ಕೈಯಲ್ಲಿ ಗೆಳೆಯನ ವ್ಯಾನಿನ ಕೀಲಿ.

"ಎಲ್ಲ ರೆಡಿನಾ ಅತ್ತೆ? ಡಬ್ಬಿ ಏನನ್ನುತ್ತೆ?"

"ಎಬ್ಬಿಸುತ್ತೆ. ಇವಳೇ ಮೊದಲು ಏಳ್ತಾಳೆ."

"ನಾನೂ ಏಳ್ಬೇಕಾ?"

"ರಜಾ ದಿನ ನಿಮ್ಮ ದಿಂಬಿನ ಕೆಳಗಿಡಕ್ಕೆ ಹೇಳಿದೀನಿ ಅಳಿಯಂದಿರೇ" ಎಂದು ಮಿಣುಕಮ್ಮ ಅವನ ಕೈಗೆ ತೊಟ್ಟಿಲ ಕಾಲುಗಳನ್ನು ಕೊಟ್ಟಳು.

ಮೆಟ್ಟಿಲು ಕಿರಿದು. ತೊಟ್ಟಿಲು ಅಡ್ಡ ಮಾಡಿ, ನೆಟ್ಟಗೆ ಮಾಡಿ, ಮಾಮ ಕೆಳಗಿನಿಂದ "ಎಡಕ್ಕೆ, ಎಡಕ್ಕೆ" ಎಂದು ಬಲಗೈ ತೋರಿಸುತ್ತ ಇಳಿಸಬೇಕಾಯಿತು. ಮಗಳು ಎಲ್ಲರಿಗಿಂತ ಕೊನೆಗೆ, ಗುಂಡನನ್ನು ಎದೆಗೆ ಕಟ್ಟಿಕೊಂಡು ಹೊರಟಳು. ಬಾಗಿಲಲ್ಲಿ ನಿಂತು, ಒಂದು ಕೈ ಅಮ್ಮನ ಮುಖಕ್ಕೆ ಚಾಚಿ ಕನ್ನಡಕ ಕಳಚಿಕೊಂಡಳು.

"ಇದನ್ನ ತಗೊಂಡು ಹೋಗ್ತೀನಿ. ನಾಳೆ ಅಂಗಡೀಲಿ ಕೊಟ್ಟಿರ್ತೀನಿ. ಬುಧವಾರ ಅಲ್ಲಿಗೆ ಬಂದು ಕಣ್ಣು ತೋರ್ಸು, ಹೊಸ ನಂಬರ್ ಹಾಕಿಸಿ ತಗೋ."

"ಬುಧವಾರದ ತನಕ ನಾನೇನು ಕುರುಡಿ ಆಗಿರ್ಬೇಕಾ?"

"ಹಳೇ ಜೊತೆ ಒಂದು ಇದೆಯಲ್ಲ, ಕಪಾಟಲ್ಲಿ. ಎತ್ತಿಟ್ಟಿದೀಯಲ್ಲ" ಎಂದು ಮಗಳು ಮೆಟ್ಟಿಲಿಳಿದಳು.